ತಟ್ಟೆ ಇಡ್ಲಿಯದೇ ತಪ್ಪು

ಕ್ಯಾತ್ಸಂದ್ರದ ಹೋಟೆಲಿಗೆ ದಿನಾ ಬೆಳಿಗ್ಗೆ ತಟ್ಟೆ ಇಡ್ಲಿಗೆ ಬರುವ ನಮ್ಮ ಮೇಷ್ಟ್ರು ಜ್ವರ ಬಂದರೂ ಪ್ಯಾರಾಸಿಟಮಾಲ್ ಮುಟ್ಟುವವರಲ್ಲ. 'ಸೈಡ್ ಎಫೆಕ್ಟ್ ಕಣ್ರೀ' ಅನ್ನುತ್ತಾರೆ. ಗಾಂಜಾ ಮಾತು ಬಂದರೆ ಮಾತ್ರ ಚಟ್ನಿ ಪಕ್ಕಕ್ಕಿಟ್ಟು ಶುರು ಮಾಡುತ್ತಾರೆ: ಶುಗರ್, ಬಿಪಿ, ಮಂಡಿನೋವು, ಕ್ಯಾನ್ಸರ್ ಎಲ್ಲಕ್ಕೂ ಅದೇ ಮದ್ದು, ಶಿವನೇ ಸೇದುತ್ತಿದ್ದ, ಅಮೆರಿಕದವರೂ ಒಪ್ಪಿಬಿಟ್ಟಿದ್ದಾರೆ.

ಅಮೆರಿಕದವರು 2018ರಲ್ಲಿ ಒಪ್ಪಿದ್ದು ಆ ಗಿಡದ ಸಿಬಿಡಿ ಅನ್ನೋ ಅಂಶದಿಂದ ಮಾಡಿದ ಒಂದು ಔಷಧಿಯನ್ನು, ಅದೂ ಮಕ್ಕಳಿಗೆ ಬರುವ ಎರಡು ಅಪರೂಪದ ಫಿಟ್ಸ್ ಕಾಯಿಲೆಗೆ. ಕ್ಯಾನ್ಸರಿನ ಕಿಮೋಥೆರಪಿಯವರ ವಾಂತಿಗೆ, ಗಾಂಜಾದ ಅಂಶವನ್ನೇ ಹೋಲುವ, ಲ್ಯಾಬಿನಲ್ಲಿ ಮಾಡಿದ ಔಷಧಿ ಬೇರೆ ಇದೆ. ಮೇಷ್ಟ್ರ ಮಂಡಿ ಆ ಪಟ್ಟಿಯಲ್ಲಿ ಇರಲಿಲ್ಲ.

ನಮ್ಮ ಕಾನೂನೂ ಕಮ್ಮಿಯೇನಲ್ಲ. 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಹೂವಿನ ತೆನೆ ಗಾಂಜಾ, ತೆನೆಯಿಲ್ಲದೆ ಎಲೆ ಮಾತ್ರ ಇದ್ದರೆ ಅದು ಗಾಂಜಾ ಅಲ್ಲ. 1 ಕೆಜಿ ತನಕ ಸಿಕ್ಕರೆ ಅದು 'ಸಣ್ಣ ಪ್ರಮಾಣ', ಜೈಲು ಮಾತ್ರ 1 ವರ್ಷದವರೆಗೂ ಆಗಬಹುದು. (ನಮ್ಮನೆಯಲ್ಲಿ 1 ಕೆಜಿ ತೊಗರಿಬೇಳೆ ತಂದರೆ ಡಬ್ಬಿ ತುಂಬುತ್ತೆ.) ಆ ಎಲೆಯ ಸಂದಿಯಲ್ಲೇ ನುಸುಳಿಕೊಂಡು, 'ವಿಜಯಾ' ಅನ್ನೋ ಆಯುರ್ವೇದದ ಹೆಸರಿಟ್ಟುಕೊಂಡು, ಆನ್‌ಲೈನಿನಲ್ಲಿ ಮೇಷ್ಟ್ರಿಗೆ ಒಂದು ಡಬ್ಬಿ ಗಮ್ಮಿ, ಅಂದರೆ ಆ ಎಲೆಯ ಅಂಶ ಬೆರೆಸಿದ ಜೆಲ್ಲಿ ಮಿಠಾಯಿ, ಬಂತು. ಮೊದಲು ವಿಡಿಯೋ ಕಾಲಿನಲ್ಲಿ ತಪಾಸಣೆ ಆಯಿತಂತೆ. 'ನಿದ್ದೆ ಬರುತ್ತಾ?' 'ಇಲ್ಲ.' ಮುಗೀತು ಚೀಟಿ.

ಭಾನುವಾರ ಇಡ್ಲಿ ತಿಂದು ಒಂದು ಗಮ್ಮಿ ಬಾಯಿಗೆ ಹಾಕಿಕೊಂಡರು. ಅರ್ಧ ಗಂಟೆ ಏನೂ ಇಲ್ಲ. 'ಡೂಪ್ಲಿಕೇಟು' ಅಂತ ಇನ್ನೆರಡು ನುಂಗಿದರು. ಇದು ಬೀಡಿಯಲ್ಲ ಸ್ವಾಮಿ, ಹೊಟ್ಟೆಯಿಂದ ತಲೆಗೆ ಏರೋಕೆ ಒಂದೆರಡು ಗಂಟೆ ಬೇಕು. ಹನ್ನೊಂದಕ್ಕೆ ಮೂರೂ ಒಟ್ಟಿಗೆ ಏರಿದವು. ಎದೆ ಡವಡವ, ಬಾಯಿ ಒಣಗಿ ಸೌದೆ, ಫ್ಯಾನು ತನ್ನನ್ನೇ ನೋಡುತ್ತಿದೆ ಅಂತ ಕೂಗಾಟ. ಸುಮ್ನೆ ಇರಿ ಅಂದರೂ ಕೇಳಲಿಲ್ಲ. ಗಾಂಜಾದಿಂದ ಎದೆಬಡಿತ ಏರುತ್ತೆ, ಕೆಲವರಿಗೆ ಇಲ್ಲದ್ದು ಕಾಣುತ್ತೆ, ಎಳೆ ವಯಸ್ಸಿನವರಿಗೆ ಅಪಾಯ ಇನ್ನೂ ಜಾಸ್ತಿ ಅಂತ ಮನೋವೈದ್ಯರು ಬಡಕೊಳ್ಳುತ್ತಲೇ ಇದ್ದಾರೆ, ಅದು ಮಾತ್ರ ಮೇಷ್ಟ್ರ ವಾಟ್ಸಾಪಿಗೆ ಬಂದಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದಿರಿ ಅಂದರು. 'ಎರಡು ತಟ್ಟೆ ಇಡ್ಲಿ' ಅಂದರು ಮೇಷ್ಟ್ರು.

ಸಂಜೆಗೆ ಇಳಿಯಿತು, ಬದುಕಿದರು. ಈಗ ಹೋಟೆಲಿಗೆ ಬಂದರೂ ಬರೀ ಕಾಫಿ. ಇಡ್ಲಿ ಹಿಟ್ಟಿಗೆ ಸೋಡಾ ಹಾಕುತ್ತಾರಂತೆ, ಅದು ಹಾರ್ಟಿಗೆ ಒಳ್ಳೇದಲ್ಲವಂತೆ.