ಬಿಟ್ಟಿ ಕೆಲಸ ಮಾಡಿಸಿಕೊಂಡು ಅದಕ್ಕೆ ಇಂಟರ್‌ವ್ಯೂ ಅಂತ ಹೆಸರು

ಬೆಂಗಳೂರಲ್ಲಿ ಇಂಟರಾಕ್ಷನ್ ಡಿಸೈನರ್ ಕೆಲಸ ಹುಡುಕುವವರ ಪಾಡು ಯಾರಿಗೂ ಬೇಡ. ಆ್ಯಪ್, ವೆಬ್‌ಸೈಟ್ ಜನರಿಗೆ ಸುಲಭವಾಗಿ ಬಳಸಲು ಬರುವ ಹಾಗೆ ರೂಪಿಸುವ ಕೆಲಸ ಇದು. ಜಾಹೀರಾತು ಓದಿದರೇ ತಲೆ ಕೆಡುತ್ತದೆ. ಯೂಸರ್ ರಿಸರ್ಚ್ ಮಾಡಬೇಕು, ಸ್ಕ್ರೀನ್ ಮಾಡಬೇಕು, ಲೋಗೋ, ಅನಿಮೇಷನ್ ಬರಬೇಕು, ಜೊತೆಗೆ ರಿಯಾಕ್ಟ್ ಕೋಡ್ ಕೂಡ ಬರೆಯಬೇಕಂತೆ. ನಾಲ್ಕು ಜನರ ಕೆಲಸ, ಸಂಬಳ ಮಾತ್ರ ಫ್ರೆಷರ್‌ದು.

ಆಮೇಲೆ ಅಸೈನ್‌ಮೆಂಟ್. ಶುಕ್ರವಾರ ಸಂಜೆ ಮೇಲ್ ಬರುತ್ತದೆ, ಸೋಮವಾರ ಬೆಳಗ್ಗೆಗೆ ಇಡೀ ಆ್ಯಪ್‌ನ ಡಿಸೈನ್ ಫಿಗ್ಮಾ ಅನ್ನುವ ಸಾಫ್ಟ್‌ವೇರ್‌ನಲ್ಲಿ ರೆಡಿ ಇರಬೇಕು. ದುಡ್ಡಿನ ಮಾತೇ ಇಲ್ಲ. ನಿದ್ದೆಗೆಟ್ಟು ಮಾಡಿ ಕಳಿಸಿದೆ. ಅಷ್ಟೇ, ಎಚ್‌ಆರ್ ಫೋನ್ ಎತ್ತುವುದನ್ನೇ ಬಿಟ್ಟರು. ಬೇಡ ಅಂದಿದ್ದರೂ ಸಹಿಸಬಹುದಿತ್ತು.

ಇನ್ನೊಂದು ಕಡೆ ಅಸೈನ್‌ಮೆಂಟ್‌ನಲ್ಲೇ ಬರೆದಿತ್ತು: ಸಬ್‌ಸ್ಕ್ರಿಪ್ಷನ್ ರದ್ದು ಮಾಡುವ ಬಟನ್ ಜನರಿಗೆ ಸುಲಭವಾಗಿ ಸಿಗಬಾರದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು, ಅಂದರೆ ಬಳಸುವವರನ್ನು ಯಾಮಾರಿಸುವ ಡಿಸೈನ್‌ಗಳನ್ನು, ಪಟ್ಟಿ ಮಾಡಿ ನಿಷೇಧಿಸಿದೆ. ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಅದರಲ್ಲೇ ಇದೆ. ಜನರನ್ನು ಸಿಕ್ಕಿಸುವುದು ಎಷ್ಟು ಚೆನ್ನಾಗಿ ಬರುತ್ತದೆ ಅಂತ ನೋಡಿ ಕೆಲಸ ಕೊಡುತ್ತಾರಾ? ಆಗಲ್ಲ ಅಂತ ಬರೆದು ಕಳಿಸಿದೆ. ಅದಕ್ಕೂ ಉತ್ತರವಿಲ್ಲ.

ನನ್ನ ಪೋರ್ಟ್‌ಫೋಲಿಯೋದಲ್ಲಿ ಮೆಡಿಕಲ್ ಶಾಪ್‌ನವರ ಪಕ್ಕ ಕೂತು ಮಾಡಿದ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಟೆಸ್ಟಿಂಗ್ ಇದೆ. ಬಿಲ್ ಮಾಡುವಾಗ ಎಲ್ಲಿ ತಡವರಿಸಿದರು, ಯಾವ ಬಟನ್ ಒತ್ತಲು ಹೆದರಿದರು, ಅದಕ್ಕೆ ನಾನು ಏನು ಬದಲಾಯಿಸಿದೆ, ಎಲ್ಲ ಬರೆದಿದ್ದೇನೆ. ನಮ್ಮ ಕಸುಬು ಅಂದರೆ ಅದೇ ಅಲ್ವಾ? ಇಂಟರ್‌ವ್ಯೂ ಮಾಡಿದವರು ಅದನ್ನು ಓದಲೇ ಇಲ್ಲ, ಸರ್ರನೆ ಸ್ಕ್ರೋಲ್ ಮಾಡಿ ದಾಟಿದರು. ‘ವಿಷುಯಲ್ಸ್ ಇನ್ನೂ ಪಾಪ್ ಆಗಬೇಕು’ ಅಂದರು, ಅಂದರೆ ನೋಡಲು ಇನ್ನೂ ಮಿಂಚಬೇಕಂತೆ. ಆ ಪ್ಯಾನೆಲ್‌ನಲ್ಲಿ ಒಬ್ಬ ಡಿಸೈನರ್ ಕೂಡ ಇರಲಿಲ್ಲ.

ಇದೇನು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿ ಶುರುವಾಗಿದ್ದು 1961ರಲ್ಲಿ, ಐಐಟಿ ಬಾಂಬೆಯ ಡಿಸೈನ್ ವಿಭಾಗ ಐಡಿಸಿ 1969ರಲ್ಲಿ. ಆರ್ಕಿಟೆಕ್ಟ್‌ಗಳಿಗೆ 1972ರಿಂದ ಕಾಯ್ದೆಯೇ ಇದೆ, ನೋಂದಣಿ ಇಲ್ಲದೆ ಆ ಹೆಸರು ಹಾಕಿಕೊಳ್ಳುವ ಹಾಗಿಲ್ಲ. ನಮಗೂ ಲೈಸೆನ್ಸ್ ಬೇಕು ಅಂತ ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಡಿಗ್ರಿ ಇಲ್ಲದೆ ಸ್ವಂತವಾಗಿ ಕಲಿತ ಎಷ್ಟೋ ಒಳ್ಳೆಯವರು ಹೊರಗೆ ಉಳಿಯುತ್ತಾರೆ. ಆದರೆ ನಮ್ಮನ್ನು ಅಳೆಯಲು ಕೂತವರಿಗೆ ಈ ಕೆಲಸ ಏನು ಅಂತಾದರೂ ಗೊತ್ತಿರಬೇಕು.

ಅಸೈನ್‌ಮೆಂಟ್ ಬೇಕೇ ಬೇಕು ಅಂದರೆ ದುಡ್ಡು ಕೊಡಿ. ಇಲ್ಲವಾದರೆ ಒಂದು ಗಂಟೆ ಎದುರು ಕೂರಿಸಿ, ಮಾಡಿರುವ ಕೆಲಸದ ಬಗ್ಗೆ ಕೇಳಿ. ಹೀಗೇ ಯಾಕೆ ಮಾಡಿದೆ ಅಂತ ಕೇಳಿ. ಕೆಲಸ ಕೊಡಲ್ಲ ಅಂದರೆ ಅದನ್ನೂ ಒಂದು ಸಾಲಿನಲ್ಲಿ ಬರೆದು ತಿಳಿಸಿ.