ಹುಳ್ಳಿ ಸುತ್ತಿಕೊಂಡ ಸೈಕಲ್ಲು

ಭಾನುವಾರ ಸಾಯಂಕಾಲ ನಮ್ಮ ಸೈಕಲ್ ಗುಂಪಿನವರೊಬ್ಬರು ಫೋನ್ ಮಾಡಿದ್ದರು. "ಎಷ್ಟಾಯ್ತು ಇವತ್ತು? ಆವರೇಜ್ ಎಷ್ಟು ಬಂತು?" ಗೊತ್ತಿಲ್ಲ, ಆ್ಯಪ್ ಆನ್ ಮಾಡೋಕೆ ಮರೆತುಬಿಟ್ಟೆ ಅಂದೆ. ಸುಳ್ಳು. ಬೇಕಂತಲೇ ಆನ್ ಮಾಡಿರಲಿಲ್ಲ. ಮೈಸೂರಿನಿಂದ ನಾಗನಹಳ್ಳಿ ಮೇಲೆ ಶ್ರೀರಂಗಪಟ್ಟಣ, ಅಲ್ಲಿಂದ ಪಾಂಡವಪುರ, ಕೆರೆತೊಣ್ಣೂರು, ಅದೇ ದಾರೀಲಿ ವಾಪಸ್. ಹೆಚ್ಚೆಂದರೆ 70 ಕಿಲೋಮೀಟರ್. ಬೆಳಿಗ್ಗೆ ಐದೂವರೆಗೆ ಬಿಟ್ಟವನು ಮನೆ ಸೇರಿದ್ದು ಮಧ್ಯಾಹ್ನ ಎರಡೂವರೆಗೆ. ಗುಂಪಿನಲ್ಲಿ ಹೇಳಿಕೊಳ್ಳುವ ಟೈಮಲ್ಲ ಅದು.

ಆದರೆ ಎಲ್ಲಿ ಹೋಯ್ತು ಅಷ್ಟು ಹೊತ್ತು ಅನ್ನೋದು ನನಗೆ ಗೊತ್ತು. ಮಾತಿಗೆ ಹೋಯ್ತು.

ಸೈಕಲ್ಲಿಗೆ ಒಂದು ಹದವಾದ ವೇಗ ಇದೆ ನೋಡಿ. ರಸ್ತೆ ಬದಿ ನಿಂತವರು ಏನೋ ಒಂದು ಕೇಳಿ, ನಾವು ಅದಕ್ಕೆ ಉತ್ತರ ಕೊಟ್ಟು, ಅವರು ಮತ್ತೊಂದು ಮಾತು ಎಸೆಯೋ ಅಷ್ಟು ಹೊತ್ತು ಸಿಗುತ್ತದೆ. ಕಾರಿನವರನ್ನು ಯಾರೂ ಮಾತಾಡಿಸುವುದಿಲ್ಲ, ಬೈಕಿನವರಿಗೆ ಕೇಳಿಸುವುದಿಲ್ಲ, ಇನ್ನು ಸುಮ್ನೆ ನಡೆದು ಹೋಗುವವನನ್ನು ಕಂಡರೆ ಬಸ್ಸು ತಪ್ಪಿತೇನೋ ಪಾಪ ಅಂದುಕೊಳ್ಳುತ್ತಾರೆ. ಸೈಕಲ್ಲಿನವನು ಮಾತ್ರ ಎಲ್ಲರಿಗೂ ಸಿಗುತ್ತಾನೆ. ಅದರಲ್ಲೂ ಹೆಲ್ಮೆಟ್ಟು, ಬಿಗಿ ಚಡ್ಡಿ ಹಾಕಿಕೊಂಡ ನಲವತ್ತೈದರ ಗಂಡಸು ಬಂದರೆ ಹಾಲಿನ ಡೈರಿ ಮುಂದೆ ಕ್ಯಾನು, ತಂಬಿಗೆ ಹಿಡಿದು ನಿಂತ ಸಾಲಿಗೆ ಸಾಲೇ ತಿರುಗಿ ನೋಡುತ್ತದೆ.

ಮೊದಲ ಪ್ರಶ್ನೆ ಎಲ್ಲಿಂದ. ಎರಡನೆಯದು ಯಾವಾಗಲೂ ಒಂದೇ, "ಎಷ್ಟು ಬಿತ್ತಣ್ಣ ಸೈಕಲ್ಲು?" ನಾನು ಅರ್ಧ ರೇಟು ಹೇಳುತ್ತೇನೆ. ಹೆಂಡತಿಗೂ ಅದೇ ರೇಟು ಹೇಳಿದ್ದೇನೆ, ಹಾಗಾಗಿ ಬಾಯಿಪಾಠ ಆಗಿದೆ. (ಅವಳು ಈ ಪೋಸ್ಟ್ ಓದುತ್ತಾಳೆ ಅಂತ ಈಗ ನೆನಪಾಯ್ತು. ಇರಲಿ.) ಆ ಅರ್ಧ ರೇಟಿಗೇ ಪಾಂಡವಪುರದ ಆಚೆ ಟೀ ಅಂಗಡಿಯಲ್ಲಿ ಒಬ್ಬರು ಬೀಡಿ ಕೆಳಗಿಟ್ಟು ಹೇಳಿದರು, "ಆ ದುಡ್ಗೆ ಒಂದು ಸೀಮೆ ಹಸ ಬತ್ತಿತ್ತು ಕನಣ್ಣ. ಹಾಲಾರ ಕೊಡದು." ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ವಾಸನೆ ವಿಷಯಕ್ಕೆ ಬರುತ್ತೇನೆ. ಈ ಡಿಸೆಂಬರಿನಲ್ಲಿ ಅವರೆ ಹೊಲದ ಪಕ್ಕ ಬೆಳಿಗ್ಗೆ ಹೋಗಿದ್ದೀರಾ? ಇಬ್ಬನಿ ಬಿದ್ದ ಗಿಡದ ಸೊಗಡು ಮೂಗಿಗಲ್ಲ, ನೇರ ಹೊಟ್ಟೆಗೇ ಬಡಿಯುತ್ತದೆ. ಹತ್ತು ತುಳಿತ ಮುಂದೆ ಹೋದರೆ ಗದ್ದೆ ಬಯಲು ಶುರು, ಅಲ್ಲಿ ಗಾಳಿಯೇ ತಣ್ಣಗೆ, ಮೊಣಕಾಲಿಗೆ ಗೊತ್ತಾಗುವಷ್ಟು ತಣ್ಣಗೆ. ಆಮೇಲೆ ಎಲ್ಲಿಂದಲೋ ಆಲೆಮನೆ ಹೊಗೆ. ಆಲೆಮನೆ ಕಣ್ಣಿಗೆ ಬೀಳೋಕೆ ಮುಂಚೆ ಮೂಗಿಗೆ ಬೀಳುತ್ತದೆ. ರಸ ಹಿಂಡಿ ಉಳಿದ ರಚ್ಚನ್ನೇ ಒಣಗಿಸಿ ಒಲೆಗೆ ತಳ್ಳುತ್ತಾ ಇರುತ್ತಾರೆ, ಅಂದರೆ ಕಬ್ಬಿನ ಬೆಂಕಿಯಲ್ಲಿ ಕಬ್ಬೇ ಬೇಯುತ್ತಿರುತ್ತದೆ. ನಾನು ನಿಂತೆ. ನಿಂತರೆ ಕೊಡುತ್ತಾರೆ ಅಂತ ಗೊತ್ತಿತ್ತು, ಅದಕ್ಕೇ ನಿಂತೆ, ಒಪ್ಪಿಕೊಳ್ಳುತ್ತೇನೆ. ಬಾಳೆ ಎಲೆ ಚೂರಿನ ಮೇಲೆ ಅಚ್ಚಿಗೆ ಹಾಕುವ ಮುಂಚಿನ ಬೆಲ್ಲ, ಇನ್ನೂ ಎಳೆ ಎಳೆಯಾಗಿ ಬರುವಂಥದ್ದು. ನಾಲಿಗೆ ಸುಟ್ಟುಕೊಂಡೆ. ಪ್ರತಿ ಸಲ ಸುಟ್ಟುಕೊಳ್ಳುತ್ತೇನೆ.

ಸೈಕಲ್ ಹೊಡೆಯುವವರಿಗೆ ಮಂಡ್ಯ ಜಿಲ್ಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡಿರುವುದು ನಾಲೆಗಳು. ಇದನ್ನು ಯಾರೂ ಹೇಳುವುದಿಲ್ಲ. ನೀರು ತಾನಾಗಿಯೇ ಹರಿಯಬೇಕಲ್ಲ, ಹಾಗಾಗಿ ನಾಲೆಯನ್ನು ಗುಡ್ಡ ಹತ್ತಿಸಲೂ ಆಗದು, ದಡಕ್ಕನೆ ಇಳಿಸಲೂ ಆಗದು, ನೆಲದ ಮಟ್ಟ ನೋಡಿಕೊಂಡು ಬಳಸಿ ಬಳಸಿಯೇ ಒಯ್ಯಬೇಕು. ಅದರ ಏರಿ ಮೇಲೆ ಸೈಕಲ್ ಬಿಟ್ಟರೆ ಏದುಸಿರು ಅನ್ನೋದೇ ಇಲ್ಲ. ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆ ಕಂಠೀರವ ನರಸರಾಜ ಒಡೆಯರ ಕಾಲದ್ದು, 1638ರಿಂದ 1659ರವರೆಗೆ ಆಳಿದವರು. ಹೊಳೆಯ ಒಂದು ಕವಲನ್ನು ಸೇತುವೆ ಮೇಲೆ ದಾಟಿಕೊಂಡು ದ್ವೀಪದೊಳಕ್ಕೆ ನೀರು ತರುತ್ತದೆ. ಹೊಳೆಯ ಮೇಲೆ ನಾಲೆ! ಕೆಆರ್‌ಎಸ್‌ನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. ಈಗ ಎಲ್ಲರ ಬಾಯಲ್ಲೂ ವಿ.ಸಿ. ನಾಲೆ ಅಷ್ಟೇ.

ಅದರ ಪಕ್ಕ ಹೋಗುವಾಗ ಮಾತ್ರ ನಾನು ನೀರಿನಿಂದ ದೂರದ ಅಂಚಿಗೆ ಇರುತ್ತೇನೆ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ಈ ನಾಲೆಗೆ ಬಿದ್ದು 30 ಜನ ಹೋದರು. ತಡೆಗೋಡೆ ಇಲ್ಲದ ಜಾಗ ಬಂದಾಗಲೆಲ್ಲ ಅದು ನೆನಪಾಗುತ್ತದೆ, ಹ್ಯಾಂಡಲ್ ಮೇಲೆ ಕೈ ಬಿಗಿಯಾಗುತ್ತದೆ. 2023ರ ಬರದಲ್ಲೂ ಒಂದು ಸಲ ಬಂದಿದ್ದೆ, ನೀರಿಲ್ಲದ ನಾಲೆ. ದಾರಿ ಅದೇ, ಮರ ಅವೇ, ಸೋಪಾನಕಟ್ಟೆಯಲ್ಲಿ ಬಟ್ಟೆ ಒಗೆಯುವ ಸದ್ದಿಲ್ಲ, ಮಾತಾಡಿಸಿದವರಿಗೂ ಮಾತು ಬೇಡವಾಗಿತ್ತು. ಮಳೆ ಬಂತಾ ಆ ಕಡೆ ಅಂತ ಕೇಳಿ ಸುಮ್ಮನಾಗುತ್ತಿದ್ದರು.

ಈ ಸಲ ನಾಲೆ ತುಂಬಿತ್ತು. ಕರೆಂಟ್ ತಂತಿ ಮೇಲೆ ನೀಲಕಂಠ ಕೂತಿತ್ತು, ನಮ್ಮ ರಾಜ್ಯ ಪಕ್ಷಿ. ಕೂತಾಗ ಏನೂ ಇಲ್ಲ, ಮಾಸಿದ ಕಂದು ಬಣ್ಣ. ಹಾರಿದಾಗ ರೆಕ್ಕೆ ತುಂಬ ನೀಲಿ. ಹೆದರಿ ಹಾರಲಿ ಅಂತ ಬೆಲ್ಲು ಹೊಡೆದೆ, ಹಾರಲಿಲ್ಲ. ಐದು ನಿಮಿಷ ಕಾದು ಬೇಜಾರಾಗಿ ಪೆಡಲ್ ಮೇಲೆ ಕಾಲಿಟ್ಟಾಗ ಹಾರಿತು. ಫೋನು ಜೇಬಿನಲ್ಲೇ ಇತ್ತು.

ಈಗ ಹುರುಳಿ ಕತೆ. ತೊಣ್ಣೂರಿನಿಂದ ವಾಪಸ್ ಬರುವಾಗ ಒಂದು ಊರಿನ ಮುಂದೆ ಟಾರ್ ರಸ್ತೆ ತುಂಬ ಹುರುಳಿ ಬಳ್ಳಿ ಹಾಸಿದ್ದರು. ವಾಹನಗಳು ತುಳಿದರೆ ಕಾಳು ಉದುರುತ್ತದೆ, ಆಳಿನ ಕೂಲಿ ಉಳಿಯುತ್ತದೆ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಅಂತ ವರ್ಷಾ ವರ್ಷಾ ಪೇಪರಿನಲ್ಲಿ ಬರುತ್ತದೆ. ತಪ್ಪೇ, ನನಗೂ ಗೊತ್ತು. ಬೈಕು ಜಾರುತ್ತದೆ, ಕಾರಿನ ತಳಕ್ಕೆ ಒಣ ಬಳ್ಳಿ ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಉಂಟು. ಆದರೆ ಕಣ ಮಾಡಿ, ಸಗಣಿ ಬಳಿದು, ಗುಂಡು ಎಳೆಸೋಕೆ ಈಗ ಎತ್ತು ಎಲ್ಲಿವೆ, ಜಾಗ ಎಲ್ಲಿದೆ ಹೇಳಿ. ಅಲ್ಲದೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆಲ್ಲ ಪ್ರವೇಶ ಇಲ್ಲ, ಸೈಕಲ್ಲಿಗೂ ಇಲ್ಲ. ನನಗೂ ಹುರುಳಿಗೂ ಉಳಿದಿರುವುದು ಈ ರಸ್ತೆಗಳೇ ಅಲ್ವಾ, ಜಗಳ ಆಡಿ ಏನು ಮಾಡೋದು.

ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ನಾಲ್ಕು ಮಾರು ದಾಟುವಷ್ಟರಲ್ಲಿ ಹಿಂದಿನ ಗೇರಿಗೆ ಬಳ್ಳಿ ಸುತ್ತಿಕೊಂಡು ಚೈನು ನಿಂತೇ ಹೋಯ್ತು, ನಾನು ಪಕ್ಕಕ್ಕೆ ಮೆತ್ತಗೆ ಬಿದ್ದೆ. ಬಿದ್ದದ್ದೂ ಹುರುಳಿ ಮೇಲೇ, ಹಾಗಾಗಿ ನೋವಾಗಲಿಲ್ಲ. ಮರದ ನೆರಳಿನಲ್ಲಿ ಕೂತಿದ್ದ ಅಜ್ಜಿ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಾ ಕುಡುಗೋಲು ಹಿಡಿದು ಬಂದರು. "ಯಾಕ್ಲಾ ಮಗ, ಹುಳ್ಳಿ ಬೇಕಿದ್ರೆ ಕೇಳ್ಬಾರ್ದ? ಹಿಂಗ್ ಸೈಕಲ್ಗೆ ಸುತ್ಕೊಂಡ್ ಒಯ್ತಿದ್ದೀಯಲ್ಲ!"

ಇಪ್ಪತ್ತು ನಿಮಿಷ ಇಬ್ಬರೂ ಕೂತು ಗೇರಿನ ಹಲ್ಲಿನ ಸಂದಿಯಿಂದ ನಾರು ಎಳೆದೆವು. ಅಷ್ಟರಲ್ಲಿ ನನ್ನ ಊರು, ಸಂಬಳ, ಮಕ್ಕಳೆಷ್ಟು, ಯಾಕೆ ಒಂದೇ, ಎಲ್ಲ ಆಯ್ತು. ಈ ವಯಸ್ಸಿನಲ್ಲಿ ನನ್ನನ್ನು ಮಗ ಅನ್ನುವವರು ಮನೆಯಲ್ಲಿ ಯಾರೂ ಉಳಿದಿಲ್ಲ, ಹಾಗಾಗಿ ನಾನೂ ಸ್ವಲ್ಪ ನಿಧಾನವಾಗಿಯೇ ಎಳೆದೆ ಅನ್ನಿ. ಹೊರಡುವಾಗ ಬೇಡ ಬೇಡ ಅಂದರೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಎರಡು ಸೇರಿನಷ್ಟು ಕಾಳು ತುಂಬಿ ಹ್ಯಾಂಡಲ್ಲಿಗೆ ಕಟ್ಟಿದರು. ದುಡ್ಡು ತೆಗೆದರೆ ಕುಡುಗೋಲು ತೋರಿಸಿದರು.

ನಿನ್ನೆ ಮನೆಯಲ್ಲಿ ಹುರುಳಿ ಬಸ್ಸಾರು, ಮುದ್ದೆ. ಎರಡನೇ ತುತ್ತಿಗೇ ಹಲ್ಲಿಗೆ ಕಲ್ಲು ಸಿಕ್ಕಿತು. ಸರಿಯಾಗಿ ಆರಿಸಿಲ್ಲ ನೀವು ಅಂತ ಹೆಂಡತಿ ಬೈದಳು. ತೆಗೆದು ನೋಡಿದೆ, ಕಪ್ಪಗಿತ್ತು. ರಸ್ತೆದೇ ಇರಬೇಕು, ಟಾರಿನ ಜಲ್ಲಿ.