ಮಿಲಿಟ್ರಿ ಅಜ್ಜ ಮತ್ತು ನಾವು ಬಾಡಿಗೆಗೆ ಹಿಡಿಯುವ ಆ ಹಾಲ್

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡದವರಿಗೆ ಎಲ್ಕ್ಸ್ ಲಾಡ್ಜ್ ಅಂದ್ರೆ ಬಾಡಿಗೆಗೆ ಸಿಗುವ ಒಂದು ಹಾಲ್, ಅಷ್ಟೇ. ನಾಮಕರಣ, ಸೀಮಂತ, ಮಕ್ಕಳ ಹುಟ್ಟುಹಬ್ಬ, ಯುಗಾದಿ ಕಾರ್ಯಕ್ರಮ. ಪಾರ್ಕಿಂಗ್ ದೊಡ್ಡದಿದೆ, ಹೋಟೆಲ್‌ಗಿಂತ ಬಾಡಿಗೆ ಕಡಿಮೆ, ಊಟ ಹೊರಗಿಂದ ತರಿಸಿದರೂ ತಕರಾರಿಲ್ಲ. ಗೋಡೆ ಮೇಲೆ ದೊಡ್ಡ ಕೊಂಬಿನ ತಲೆಯೊಂದಿದೆ, ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಮನೆಗೆ ಬರುತ್ತೇವೆ. ಆ ಹಾಲ್ ಯಾರದ್ದು, ಯಾಕೆ ಕಟ್ಟಿದರು ಅಂತ ಕೇಳಿದವರನ್ನು ನಾನಂತೂ ನಮ್ಮವರಲ್ಲಿ ಜಾಸ್ತಿ ನೋಡಿಲ್ಲ.

ಅಲ್ಲಿಯ ಅಡುಗೆಮನೆ ಬೀಗದ ಕೈ ಇಟ್ಟುಕೊಂಡಿದ್ದ ಯಜಮಾನರು ಹೋದ ತಿಂಗಳು ತೀರಿಕೊಂಡರು. ಮನೆಯವರಿಗೆ ಹೆಸರು ಹಾಕೋದು ಇಷ್ಟವಿಲ್ಲ. ನಮ್ಮ ಮಕ್ಕಳು ಕರೆಯುತ್ತಿದ್ದ ಹಾಗೆ ಮಿಲಿಟ್ರಿ ಅಜ್ಜ ಅಂತಲೇ ಬರೆಯುತ್ತೇನೆ.

ಅಜ್ಜ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ತಾವಾಗಿ ಹೋದವರಲ್ಲ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಟಿವಿ ಮುಂದೆ ಒಂದು ಲಾಟರಿ ನಡೆಯಿತು. ದೊಡ್ಡ ಗಾಜಿನ ಭರಣಿಯಲ್ಲಿ 366 ನೀಲಿ ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರಲ್ಲೂ ಒಂದೊಂದು ತಾರೀಖು. 1944ರಿಂದ 1950ರ ಒಳಗೆ ಹುಟ್ಟಿದ ಹುಡುಗರಲ್ಲಿ ಯಾರ ಹುಟ್ಟಿದ ತಾರೀಖು ಮೊದಲು ಬಂತೋ ಅವರು ಮೊದಲು ಸೈನ್ಯಕ್ಕೆ. ಮೊದಲು ಬಂದ ಚೀಟಿ ಸೆಪ್ಟೆಂಬರ್ 14. ಅಜ್ಜನದೂ ಬೇಗನೇ ಬಂತು. ಅಲ್ಲಿ ಏನು ನೋಡಿದರು, ಏನು ಮಾಡಿದರು ಅನ್ನೋದನ್ನು ಯಾವತ್ತೂ ಹೇಳಲಿಲ್ಲ. ವಾಪಸ್ ಬಂದ ಮೇಲೆ ಊರಿನಲ್ಲಿ ಯಾರೂ ಏನೂ ಕೇಳಲಿಲ್ಲ ಅನ್ನೋದನ್ನು ಮಾತ್ರ ಆಗಾಗ ಹೇಳುತ್ತಿದ್ದರು. ಯುದ್ಧ ಬೇಡ ಅಂದವರಿಗೂ ಇವರು ಬೇಡ, ಬೇಕು ಅಂದ ಹಳೇ ಯುದ್ಧದ ಹಿರಿಯರಿಗೂ ಇವರು ಸೋತು ಬಂದವರು. ಎಷ್ಟೋ ವರ್ಷ ಸುಮ್ಮನೆ ಮನೆಯಲ್ಲಿ ಕೂತಿದ್ದವರನ್ನು ಒಬ್ಬ ಪ್ಲಂಬರ್ ಗೆಳೆಯ ಲಾಡ್ಜಿಗೆ ಕರೆದುಕೊಂಡು ಹೋದನಂತೆ. ಹೋದ ದಿನ ಬಟಾಟೆ ಸುಲಿಯೋಕೆ ಕೂರಿಸಿದರಂತೆ. ಆಮೇಲೆ ಸಾಯೋವರೆಗೂ ಆ ಅಡುಗೆಮನೆ ಬಿಡಲಿಲ್ಲ.

ಲಾಡ್ಜ್ ಅಂದರೆ ಉಳಿದುಕೊಳ್ಳೋ ಲಾಡ್ಜ್ ಅಲ್ಲ, ಗೊತ್ತಲ್ವಾ. ಒಂದು ಥರದ ಸಹೋದರ ಸಂಘ. ಎಲ್ಕ್ಸ್ ಶುರುವಾಗಿದ್ದು 1868ರಲ್ಲಿ, ನ್ಯೂಯಾರ್ಕಿನಲ್ಲಿ. ಮಾಡಿದವರು ನಾಟಕದವರು, ಹಾಡುವವರು. ಭಾನುವಾರ ಹೆಂಡದಂಗಡಿ ಮುಚ್ಚಬೇಕು ಅಂತ ಕಾನೂನು ಇತ್ತು, ಹಾಗಾಗಿ ತಮ್ಮದೇ ಗುಂಪು ಕಟ್ಟಿಕೊಂಡು ಕುಡಿಯೋಕೆ ಸೇರುತ್ತಿದ್ದರು. 1867ರ ಕ್ರಿಸ್‌ಮಸ್ ಹತ್ತಿರ ಗುಂಪಿನ ಒಬ್ಬ ಸತ್ತ. ಹೆಂಡತಿ ಮಕ್ಕಳಿಗೆ ಗತಿಯಿಲ್ಲ. ಆಗ ಇವರಿಗೆ, ಕುಡಿಯೋಕೆ ಸೇರೋ ಬದಲು ಒಬ್ಬರಿಗೊಬ್ಬರು ಆಗೋಕೂ ಸೇರಬಹುದಲ್ಲ ಅನ್ನಿಸಿತು. ಕುಡಿಯೋದನ್ನೇನೂ ಬಿಡಲಿಲ್ಲ, ಬಾರ್ ಇವತ್ತಿಗೂ ಇದೆ! ಮೊದಲ ಮಹಾಯುದ್ಧದ ಹೊತ್ತಿಗೆ ಇದೇ ಸಂಘ ಗಾಯಾಳು ಸೈನಿಕರಿಗೆ ಬಾಸ್ಟನ್ನಿನಲ್ಲಿ 700 ಹಾಸಿಗೆಯ ಆಸ್ಪತ್ರೆ ಕಟ್ಟಿಸಿ ಸರ್ಕಾರಕ್ಕೆ ಕೊಟ್ಟಿತು.

ಅಜ್ಜನ ಕೆಲಸ ಇಷ್ಟು ದೊಡ್ಡದಲ್ಲ. ಅವರದ್ದು ಚರ್ಮದ ಕೆಲಸ. ಇಲ್ಲಿ ಬೇಟೆಗೆ ಲೈಸೆನ್ಸ್ ಇದೆ, ಸೀಸನ್ ಇದೆ. ಬೇಟೆಗಾರರು ಮಾಂಸ ಇಟ್ಟುಕೊಂಡು ಜಿಂಕೆ ಚರ್ಮವನ್ನು ಲಾಡ್ಜಿಗೆ ಕೊಡುತ್ತಾರೆ. ಅದಕ್ಕೆ ಉಪ್ಪು ಸವರಿ, ಸುತ್ತಿ, ಹದ ಮಾಡೋಕೆ ಕಳಿಸಬೇಕು. ಹದವಾಗಿ ಬಂದ ಚರ್ಮದಲ್ಲಿ ಗಾಲಿಕುರ್ಚಿಯಲ್ಲಿರುವ ಮಾಜಿ ಸೈನಿಕರಿಗೆ ಕೈಗವಸು ಮಾಡುತ್ತಾರೆ. ಗಾಲಿ ತಳ್ಳಿ ತಳ್ಳಿ ಅಂಗೈ ಸುಲಿದು ಹೋಗುತ್ತಲ್ಲ, ಅದಕ್ಕೆ. ಉಳಿದ ತುಂಡುಗಳು ಪರ್ಸು, ಬೆಲ್ಟು ಹೊಲಿಯೋ ಸಾಮಾನಾಗಿ ಸೈನಿಕರ ಆಸ್ಪತ್ರೆಗಳಿಗೆ ಹೋಗುತ್ತವೆ. ಕೈ ನಡುಗುವವರಿಗೆ, ನಿದ್ದೆ ಬಾರದವರಿಗೆ ಅದು ಔಷಧದ ಹಾಗೆ. ಪಾಲೋ ಆಲ್ಟೋದ ಸೈನಿಕರ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವರ ವಿಭಾಗವೇ ಇದೆ. ಅಜ್ಜ ಅಲ್ಲಿಗೆ ಹೋಗಿ ಕೂತು ಸುಮ್ನೆ ಇಸ್ಪೀಟು ಆಡಿ ಬರುತ್ತಿದ್ದರು. ಉಪದೇಶ ಇಲ್ಲ, ಧೈರ್ಯ ಹೇಳೋದಿಲ್ಲ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದರು ಅಂತ ಅಲ್ಲಿಯವರೇ ಹೇಳಿದರು.

ದೇವರಂಥ ಮನುಷ್ಯ ಅಂತ ನಾನು ಹೇಳೋದಿಲ್ಲ. ಸಿಡುಕು ಮುಖ. ರಾಜಕೀಯಕ್ಕೆ ಬಂದರೆ ನನಗೂ ಅವರಿಗೂ ಒಂದಿನವೂ ಹೊಂದಿಕೆ ಆಗಲಿಲ್ಲ. ನಮ್ಮ ಗೆಳೆಯರೊಬ್ಬರು ಹಾಲ್ ಒಳಗೆ ಗಣಹೋಮ ಮಾಡಿಸಬೇಕು ಅಂದಾಗ ಇವರು ಕೆಂಡವಾದರು. ಹೊಗೆ ಎದ್ದರೆ ಅಲಾರಂ ಕೂಗುತ್ತೆ, ಫೈರ್ ಎಂಜಿನ್ ಬರುತ್ತೆ, ದಂಡ ಯಾರಪ್ಪ ಕೊಡೋದು ಅಂತ. ಅರ್ಧ ಗಂಟೆ ಬೈದ ಮೇಲೆ ತಾವೇ ಹಿಂದಿನ ಬಾರ್ಬೆಕ್ಯೂ ಜಾಗ ಗುಡಿಸಿ, ಅಲ್ಲಿ ಹೋಮ ನಡೆಯೋವಷ್ಟು ಹೊತ್ತೂ ಬೆಂಕಿ ಆರಿಸೋ ಸಿಲಿಂಡರ್ ಹಿಡಿದುಕೊಂಡು ಭಟ್ಟರ ಪಕ್ಕದಲ್ಲೇ ನಿಂತಿದ್ದರು. ಭಟ್ಟರು ಪ್ರತಿ ಸಲ ತುಪ್ಪ ಹಾಕುವ ಮುಂಚೆ ಅಜ್ಜನ ಮುಖ ನೋಡುತ್ತಿದ್ದರು. ಕೊನೆಗೆ ಪ್ರಸಾದದ ಪಂಚಕಜ್ಜಾಯ ಅವರಿಗೆ ಎಷ್ಟು ಹಿಡಿಸಿತು ಅಂದರೆ, ಆಮೇಲೆ ನಮ್ಮವರು ಯಾರು ಹಾಲ್ ಕೇಳಿದರೂ ಆ ಪುಡಿ ಇದೆಯಾ ಅಂತ ಕೇಳೋರು.

ಈ ಸಂಘದ ಇನ್ನೊಂದು ಮುಖವನ್ನೂ ನನಗೆ ಹೇಳಿದ್ದು ಅವರೇ. ಹಾಲ್‌ನಲ್ಲಿರುವ ಹಳೇ ಫೋಟೋಗಳನ್ನು ತೋರಿಸಿ, ಇದರಲ್ಲಿ ನಿನ್ನ ಬಣ್ಣದವರು ಯಾರಾದರೂ ಇದ್ದಾರಾ ನೋಡು ಅಂದರು. ಇರಲಿಲ್ಲ. ಬಿಳಿಯರಿಗೆ ಮಾತ್ರ ಅನ್ನೋ ನಿಯಮವನ್ನು ಎಲ್ಕ್ಸ್ ತೆಗೆದಿದ್ದು 1973ರಲ್ಲಿ. ಹೆಂಗಸರನ್ನು ಸೇರಿಸಿಕೊಂಡಿದ್ದು 1995ರಲ್ಲಿ. ಒಳಗೆ ಬಿಡದಿದ್ದಾಗ ಕರಿಯರು 1898ರಲ್ಲೇ ಸಿನ್ಸಿನಾಟಿಯಲ್ಲಿ ತಮ್ಮದೇ ಎಲ್ಕ್ಸ್ ಕಟ್ಟಿಕೊಂಡರು, ಅದು ಇವತ್ತಿಗೂ ಬೇರೆಯೇ ಆಗಿದೆ. ಅಜ್ಜ ಇದನ್ನು ಮುಚ್ಚಿಡಲಿಲ್ಲ, ಸಮರ್ಥಿಸಿಕೊಳ್ಳಲೂ ಇಲ್ಲ. ನಮ್ಮಪ್ಪನ ಕಾಲದ ಗಲೀಜು, ನಾವು ತೊಳೆಯಬೇಕು ಅಂದರು. ನಮ್ಮ ಕಡೆ ಜಾತಿ ಸಂಘದ ಕಲ್ಯಾಣ ಮಂಟಪಗಳ ಹಿರಿಯರು ಇಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಈಗ ನನ್ನ ತಕರಾರು. 1970ರ ದಶಕದ ಕೊನೆಗೆ ಎಲ್ಕ್ಸ್‌ನಲ್ಲಿ 16 ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದರು. ಈಗ ಹೆಚ್ಚುಕಡಿಮೆ ಅದರ ಅರ್ಧ. ನಮ್ಮ ಲಾಡ್ಜಿನಲ್ಲಂತೂ ಮೀಟಿಂಗಿಗೆ ಬರುವವರೆಲ್ಲ ಎಪ್ಪತ್ತು ದಾಟಿದವರು. ಹಾಲ್ ಉಳಿದಿರೋದೇ ನಮ್ಮಂಥವರ ಬಾಡಿಗೆಯಿಂದ. ನಮ್ಮ ಮಕ್ಕಳು ವಾಲಂಟಿಯರ್ ಕೆಲಸ ಮಾಡೋದಿಲ್ಲ ಅಂತಲ್ಲ, ಮಾಡುತ್ತಾರೆ. ಆದರೆ ಕಾಲೇಜ್ ಅರ್ಜಿಗೆ ಬೇಕಾದಷ್ಟು ಗಂಟೆ ತುಂಬಿದ ಮರುದಿನ ಆ ಕಡೆ ತಲೆ ಹಾಕೋದಿಲ್ಲ. ದೊಡ್ಡವರು ಚೆಕ್ ಬರೆದು, ಕಂಪನಿಯಿಂದ ಅಷ್ಟೇ ದುಡ್ಡು ಸೇರಿಸಿ, ಲಿಂಕ್ಡ್‌ಇನ್‌ನಲ್ಲಿ ಹಾಕುತ್ತೇವೆ. ದುಡ್ಡು ಬೇಡ ಅಂತಲ್ಲ ಸ್ವಾಮಿ. ಆದರೆ ಚರ್ಮಕ್ಕೆ ಉಪ್ಪು ಸವರೋಕೆ, ಗುರುವಾರ ಮಧ್ಯಾಹ್ನ ಇಸ್ಪೀಟು ಆಡೋಕೆ ದುಡ್ಡು ಬರೋದಿಲ್ಲ, ಜನ ಬೇಕು. ಪ್ರತಿ ವಾರ ಅದೇ ಜನ ಬೇಕು.

ಸೇರೋದು ಎಲ್ಲರಿಗೂ ಆಗದು, ಅದೂ ನಿಜ. ಈ ದೇಶದ ಪೌರರಾಗಿರಬೇಕು, 21 ತುಂಬಿರಬೇಕು, ದೇವರಲ್ಲಿ ನಂಬಿಕೆ ಇರಬೇಕು, ಒಬ್ಬ ಸದಸ್ಯರು ನಿಮ್ಮ ಹೆಸರು ಸೂಚಿಸಬೇಕು. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರಿಗೆ ಬಾಗಿಲಿಲ್ಲ. ನಾನೂ ಆ ಸಾಲಿನಲ್ಲಿದ್ದಾಗ ಇದನ್ನು ಹೇಳಿದೆ. ಅಡುಗೆಮನೆಯಲ್ಲಿ ಯಾರೂ ಪಾಸ್‌ಪೋರ್ಟ್ ನೋಡೋದಿಲ್ಲ, ಚಾಕು ಹಿಡಿ ಅಂದರು ಅಜ್ಜ.

ಅವರನ್ನು ಸ್ಯಾಂಟಾ ನೆಲ್ಲಾದ ಸೈನಿಕರ ಸ್ಮಶಾನದಲ್ಲಿ ಮಣ್ಣು ಮಾಡಿದರು. ಸೇನೆಯಿಂದ ಇಬ್ಬರು ಎಳೇ ಹುಡುಗರು ಬಂದಿದ್ದರು. 2000ದಿಂದ ಇಲ್ಲಿ ಕಾನೂನೇ ಇದೆ, ಮನೆಯವರು ಕೇಳಿದರೆ ಕನಿಷ್ಠ ಇಬ್ಬರು ಸಮವಸ್ತ್ರದವರು ಬಂದು ಬಾವುಟ ಮಡಚಿ ಕೊಡಬೇಕು, ಟ್ಯಾಪ್ಸ್ ಅನ್ನೋ ಕಹಳೆ ನುಡಿಸಬೇಕು. ಬಾವುಟವನ್ನು ತ್ರಿಕೋನವಾಗಿ ಮಡಚಿ ಮಗಳ ಕೈಗೆ ಕೊಟ್ಟರು. ಎಲ್ಲ ಅರ್ಧ ಗಂಟೆಯೊಳಗೆ ಮುಗಿಯಿತು, ಹಿಂದೆ ಇನ್ನೊಬ್ಬರ ಗಾಡಿ ಕಾಯುತ್ತಿತ್ತು. ಆವತ್ತು ರಾತ್ರಿ ಲಾಡ್ಜಿನಲ್ಲಿ ಹನ್ನೊಂದಕ್ಕೆ ಎಲ್ಲರೂ ಎದ್ದು ನಿಂತರು. ಇಲ್ಲದ ಸದಸ್ಯರಿಗೆ ಅಂತ ಗ್ಲಾಸ್ ಎತ್ತೋದು ಎಲ್ಕ್ಸ್‌ನ ಹಳೇ ಪದ್ಧತಿ, ಹನ್ನೊಂದು ಅವರ ಗಳಿಗೆ. ಗ್ಲಾಸ್ ಇಳಿಸಿದ್ದೇ ತಡ, ಮುಂದಿನ ಏಡಿ ಊಟಕ್ಕೆ ಅಡುಗೆಮನೆ ಯಾರು ನೋಡಿಕೊಳ್ಳೋದು ಅಂತ ಜಗಳ ಶುರುವಾಯಿತು.

ಜಗಳ ಇನ್ನೂ ಬಗೆಹರಿದಿಲ್ಲ. ಪೌರತ್ವ ಬಂದ ಮೇಲೆ ನನ್ನ ಅರ್ಜಿಗೆ ಸಹಿ ಹಾಕಬೇಕಾಗಿದ್ದವರು ಅಜ್ಜ. ಈಗ ಬಾರ್ ನೋಡಿಕೊಳ್ಳುವ ಹೆಂಗಸು ಹಾಕುತ್ತೇನೆ ಅಂದಿದ್ದಾರೆ, ಒಂದು ಷರತ್ತಿನ ಮೇಲೆ: ಏಡಿ ಊಟದ ದಿನ ಬೆಳ್ಳುಳ್ಳಿ ಸುಲಿಯೋಕೆ, ತಟ್ಟೆ ತೊಳೆಯೋಕೆ ನಮ್ಮವರನ್ನು ನಾಲ್ಕು ಜನ ಕರೆದುಕೊಂಡು ಬರಬೇಕು. ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ. ಸರ್ಟಿಫಿಕೇಟ್ ಕೊಡೋದಿಲ್ಲ. ಸಸ್ಯಾಹಾರಿಗಳಿಗೆ ಪಾಸ್ತಾ ಇರುತ್ತೆ. ಬರೋರು ಕೆಳಗೆ ಹೆಸರು ಹಾಕಿ, ಮತ್ತೆ ಯಾರಾದರೂ ಪಂಚಕಜ್ಜಾಯ ಮಾಡಿಕೊಂಡು ಬನ್ನಿ, ಅಲ್ಲಿ ಈಗ ಇನ್ನೂ ನಾಲ್ಕೈದು ಜನಕ್ಕೆ ಅದರ ರುಚಿ ಹತ್ತಿದೆ.